ಟೆಸ್ಟ್ ಡ್ರೈವ್‌ಗೆ ಹತ್ತು ನಿಮಿಷ ಸಾಕಾ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. ಮೊದಲ ಸಲ ಹೊಸ ಕಾರು ತಗೊಳ್ಳುತ್ತಿದ್ದೇವೆ. ಹಾಸನದ ಶೋರೂಮ್‌ನಲ್ಲಿ ಟೆಸ್ಟ್ ಡ್ರೈವ್ ಕೇಳಿದೆವು. ಹೆದ್ದಾರಿಯಲ್ಲಿ ಒಂದು ಸುತ್ತು ಹಾಕಿಸಿ ಹತ್ತೇ ನಿಮಿಷಕ್ಕೆ ವಾಪಸ್ ಕರೆತಂದರು. ಕಾರು ಚೆನ್ನಾಗೇ ಇತ್ತು. ಆದರೆ ಏನು ನೋಡಬೇಕಿತ್ತು ಅನ್ನೋದೇ ಗೊತ್ತಾಗಲಿಲ್ಲ. ನಾನು, ಯಜಮಾನರು ಇಬ್ಬರೂ ಓಡಿಸುತ್ತೇವೆ. ಜೊತೆಗೆ ಅತ್ತೆ, ಇಬ್ಬರು ಮಕ್ಕಳು. ತಿಂಗಳಿಗೆ ಎರಡು ಸಲವಾದರೂ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇವೆ. ತಾನೇ ಗೇರ್ ಬದಲಿಸುವ ಎಎಂಟಿ ಕಾರು ತಗೊಳ್ಳೋಣ ಅಂತಿದ್ದೇವೆ. ಟೆಸ್ಟ್ ಡ್ರೈವ್ ಹೇಗೆ ಮಾಡಬೇಕು?

ಉತ್ತರ: ಹತ್ತು ನಿಮಿಷ ಸಾಲದು. ನೇರವಾದ, ನುಣುಪಾದ ರಸ್ತೆಯಲ್ಲಿ ಈಗಿನ ಯಾವ ಹೊಸ ಕಾರಾದರೂ ಚೆನ್ನಾಗೇ ಓಡುತ್ತದೆ. ನಿಮ್ಮ ತೋಟದ ಏರಿನಲ್ಲಿ, ಐದು ಜನ ಕೂತು, ಎಸಿ ಹಾಕಿದಾಗ ಅದು ಹೇಗೆ ಎಳೆಯುತ್ತದೆ ಅನ್ನೋದು ನಿಮಗೆ ಗೊತ್ತಾಗಬೇಕು. ಹಾಗಾಗಿ ಇನ್ನೊಂದು ಸಲ ಕೇಳಿ, ಸಂಕೋಚ ಬೇಡ. ಲಕ್ಷಗಟ್ಟಲೆ ದುಡ್ಡು ಕೊಡುವವರು ನೀವು.

ಫೋನ್ ಮಾಡಿ ಕಾರನ್ನು ಮನೆಗೇ ತರಿಸಲು ಹೇಳಿ. ಎಷ್ಟೋ ಶೋರೂಮ್‌ನವರು ಇದಕ್ಕೆ ಒಪ್ಪುತ್ತಾರೆ. ಸಕಲೇಶಪುರದ ತನಕ ಬರೋದಿಲ್ಲ ಅಂದರೆ, ಹಾಸನದಲ್ಲೇ ಏರು, ಹಳ್ಳ, ಹಂಪ್ ಇರುವ ಒಂದು ರಸ್ತೆಯನ್ನು ನೀವೇ ಮೊದಲು ನೋಡಿಟ್ಟುಕೊಂಡು ಅಲ್ಲಿಗೆ ಹೋಗಿ. ಅರ್ಧ ಗಂಟೆಯಾದರೂ ಬೇಕು ಅಂತ ಮೊದಲೇ ತಿಳಿಸಿ. ಇಬ್ಬರೂ ಡಿಎಲ್ ಇಟ್ಟುಕೊಂಡಿರಿ. ಬುಕಿಂಗ್ ದುಡ್ಡಿನ ಮಾತು ಆ ದಿನ ಬೇಡವೇ ಬೇಡ.

ಅತ್ತೆಯನ್ನು ಬಿಟ್ಟು ಹೋಗಬೇಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಮೊದಲ ಕಾರನ್ನು ನಾನೊಬ್ಬನೇ ಹೋಗಿ ಓಡಿಸಿ, ಒಪ್ಪಿ ಬಂದಿದ್ದೆ. ಅಮ್ಮನಿಗೆ ಮಂಡಿನೋವು. ಆ ಕಾರಿನ ಸೀಟು ತೀರಾ ತಗ್ಗು, ಕೂತರೆ ಏಳೋಕೆ ಆಗುತ್ತಿರಲಿಲ್ಲ. ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ ಅವರು. ಬರಬರುತ್ತಾ ಎಲ್ಲಿಗೆ ಕರೆದರೂ "ನೀವು ಹೋಗಿ ಬನ್ನಿ" ಅನ್ನತೊಡಗಿದರು. ಕಾರಣ ತಿಳಿಯುವ ಹೊತ್ತಿಗೆ ವರ್ಷ ಕಳೆದಿತ್ತು. ಹಾಗಾಗಿ ಅತ್ತೆ ಹಿಂದಿನ ಸೀಟಿಗೆ ಎರಡು ಸಲ ಹತ್ತಿ ಇಳಿಯಲಿ. ಕೈ ಊರೋಕೆ ಏನಾದರೂ ಸಿಗುತ್ತದಾ, ಬಾಗಿಲು ಅಗಲವಾಗಿ ತೆರೆಯುತ್ತದಾ ನೋಡಿ. ತೀರಾ ಎತ್ತರದ ಕಾರೂ ಅಷ್ಟೇ ಕಷ್ಟ. ಆಮೇಲೆ ಯಜಮಾನರು ಓಡಿಸುವಾಗ ನೀವೂ ಹಿಂದೆ ಕೂತು ನೋಡಿ. ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳಸುವುದು ಹಿಂದೆ ಕೂತವರಿಗೇ ಅಲ್ವಾ? ಮಕ್ಕಳ ಸೀಟು ಇದ್ದರೆ ಅದನ್ನೂ ಒಯ್ದು, ಹಿಂದಿನ ಸೀಟಿನಲ್ಲಿ ಅದಕ್ಕೆಂದೇ ಇರುವ ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಿ ನೋಡಿ.

ಈಗ ಏರಿನ ವಿಷಯ. ನಿಮಗೆ ಮುಖ್ಯವಾದದ್ದು ಇದೇ. ಎಎಂಟಿ ಅಂದರೆ ಒಳಗಿರುವುದು ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ನಮ್ಮ ಬದಲು ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿಯ ಸೆಲೆರಿಯೊ ಕಾರಿನ ಜೊತೆ ಬಂದ ಮೇಲೆ ಕಡಿಮೆ ಬೆಲೆಯ ಕಾರುಗಳಲ್ಲೂ ಇದು ಸಿಗತೊಡಗಿತು. ಊರೊಳಗೆ ತುಂಬಾ ಅನುಕೂಲ. ಆದರೆ ಗೇರ್ ಬದಲಾಗುವಾಗ ಒಂದು ಕ್ಷಣ ಎಳೆತ ನಿಲ್ಲುತ್ತದೆ. ಸಮತಟ್ಟಿನಲ್ಲಿ ಅದು ಗೊತ್ತೇ ಆಗದಿರಬಹುದು. ಶಿರಾಡಿಯಲ್ಲಿ ಮಾರನಹಳ್ಳಿ, ಗುಂಡ್ಯದ ನಡುವೆ ಲಾರಿ ಟ್ಯಾಂಕರ್‌ಗಳ ಹಿಂದೆ ಏರುವಾಗ ಚೆನ್ನಾಗಿ ಗೊತ್ತಾಗುತ್ತದೆ.

ಹಾಗಾಗಿ ಎಲ್ಲರನ್ನೂ ಕೂರಿಸಿಕೊಂಡು, ಎಸಿ ಹಾಕಿ, ಖಾಲಿ ಇರುವ ಏರಿನ ಮಧ್ಯದಲ್ಲಿ ನಿಲ್ಲಿಸಿ. ಹಿಂದೆ ಯಾವ ಗಾಡಿಯೂ ಇರಬಾರದು. ಬ್ರೇಕ್ ಬಿಟ್ಟು ಹೊರಡಿ. ಹಿಲ್ ಹೋಲ್ಡ್ ಇರುವ ಕಾರು ಸುಮಾರು 2 ಸೆಕೆಂಡ್ ಹಿಂದೆ ಜಾರದೆ ನಿಲ್ಲುತ್ತದೆ. ಅಷ್ಟರಲ್ಲಿ ನಿಮ್ಮ ಕಾಲು ಆಕ್ಸಿಲರೇಟರ್‌ಗೆ ಬಂದು ಕಾರು ಮುಂದಕ್ಕೆ ಹೋಗುತ್ತದಾ? ಹ್ಯಾಂಡ್‌ಬ್ರೇಕ್ ಎಳೆದೂ ಒಂದು ಸಲ ಹೊರಟು ನೋಡಿ. ಹೀಗೆ ನಾಲ್ಕೈದು ಸಲ, ನೀವಿಬ್ಬರೂ ಮಾಡಿ. ಏರಿನಲ್ಲಿ ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ ಕಾರನ್ನು ನಿಂತಲ್ಲೇ ಹಿಡಿಯುವ ಅಭ್ಯಾಸ ಮಾತ್ರ ಬೇಡ, ಕ್ಲಚ್ ಕಾದುಹೋಗುತ್ತದೆ.

ಇಳಿಜಾರಿನಲ್ಲಿ ಮ್ಯಾನುವಲ್ ಮೋಡ್‌ಗೆ ಹಾಕಿ, ಎರಡನೇ ಗೇರಿಗೆ ಇಳಿಸಿ. ಎಂಜಿನ್ ಕಾರನ್ನು ಹಿಡಿದು ನಿಧಾನ ಮಾಡಬೇಕು. ಇದು ಆಗದೆ ಬರೀ ಬ್ರೇಕನ್ನೇ ನಂಬಿದರೆ ಶಿರಾಡಿಯಂಥ ಉದ್ದ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳಬಹುದು.

ಎಂಜಿನ್ ಬಗ್ಗೆಯೂ ಇಲ್ಲೇ ಗೊತ್ತಾಗುತ್ತದೆ. ಟರ್ಬೊ (ಎಂಜಿನ್ ಒಳಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ 1.2 ಲೀಟರ್ ಪೆಟ್ರೋಲ್ ಎಂಜಿನ್‌ಗಳ ಪೂರ್ತಿ ಎಳೆತ ಬರುವುದು ಸಾಮಾನ್ಯವಾಗಿ ನಿಮಿಷಕ್ಕೆ 4000 ಸುತ್ತು ದಾಟಿದ ಮೇಲೆ. ಲೋಡ್ ಇದ್ದಾಗ ಜಾಸ್ತಿ ಕೂಗಿಸಬೇಕಾಗುತ್ತದೆ. 1.0 ಲೀಟರ್ ಟರ್ಬೊಗೆ 2000 ಸುತ್ತಿನ ಆಸುಪಾಸಿನಲ್ಲೇ ಎಳೆತ ಸಿಗುತ್ತದೆ. ಆದರೆ ಅದಕ್ಕಿಂತ ಕೆಳಗೆ ಕೊಂಚ ಮಂಕು. ತೀರಾ ನಿಧಾನಕ್ಕೆ ತಿರುವು ತೆಗೆದುಕೊಂಡು ಏರುವಾಗ ಆ ಮಂಕುತನ ನಿಮಗೆ ತೊಂದರೆ ಕೊಡುತ್ತದಾ ಗಮನಿಸಿ.

ಐದೂ ಜನ ಕೂತಿರುವಾಗಲೇ ಹಂಪ್ ದಾಟಿಸಿ. ಅಡಿ ತಾಗಿದರೆ ನಿಮ್ಮ ತೋಟದ ದಾರಿಗೆ ಅದು ಆಗಿಬರೋದಿಲ್ಲ. ಕಾರು ತೀರಾ ಗಡುಸು ಅನ್ನಿಸಿದರೆ ತಕ್ಷಣ ಬೇಡ ಅನ್ನಬೇಡಿ. ಟೈರಿಗೆ ಗಾಳಿ ಜಾಸ್ತಿ ಹೊಡೆದಿದ್ದರೂ ಹಾಗಾಗುತ್ತದೆ. ಎಷ್ಟಿರಬೇಕು ಅನ್ನೋದು ಡ್ರೈವರ್ ಬಾಗಿಲಿನ ಹತ್ತಿರ ಚೀಟಿಯಲ್ಲಿ ಅಂಟಿಸಿರುತ್ತದೆ. ಒಂದಷ್ಟು ದೂರ ಮ್ಯೂಸಿಕ್ ಆಫ್ ಮಾಡಿ ಓಡಿಸಿ. ಜೊತೆಗೆ ಬಂದ ಹುಡುಗನಿಗೂ "ಸ್ವಲ್ಪ ಹೊತ್ತು ಸುಮ್ನೆ ಇರಪ್ಪ" ಅಂತ ಮೆಲ್ಲಗೆ ಹೇಳಿ. ಅವನ ಕೆಲಸ ಮಾತಾಡೋದು, ಬೇಸರ ಮಾಡಿಕೊಳ್ಳೋದಿಲ್ಲ. ಆಗಲೇ ಟೈರಿನ ಸದ್ದು, ಡ್ಯಾಶ್‌ಬೋರ್ಡ್ ಕಟಕಟ ಅನ್ನೋದು ಎಲ್ಲ ಕೇಳಿಸುತ್ತದೆ.

ಇನ್ನು ನಿಮ್ಮದೇ ವಿಷಯ. ಎಷ್ಟೋ ಶೋರೂಮ್‌ಗಳಲ್ಲಿ ಮಾತೆಲ್ಲ ಗಂಡಸರ ಜೊತೆಗೇ ನಡೆಯುತ್ತದೆ. ಓಡಿಸುವವರು ನೀವೂ ತಾನೇ, ಹಾಗಾಗಿ ಮೊದಲು ನೀವು ಕೂರಿ. ಸೀಟು ಎತ್ತರಿಸಿಕೊಂಡ ಮೇಲೆ ಬಾನೆಟ್ ಕಾಣಬೇಕು, ಕಾಲು ಬ್ರೇಕಿಗೆ ಪೂರ್ತಿ ಸಿಗಬೇಕು. ಬಲಗಡೆಯ ತಿರುವಿನಲ್ಲಿ ಗಾಜಿನ ಪಕ್ಕದ ದಪ್ಪ ಕಂಬ ಎದುರಿನ ಬೈಕನ್ನು ಮರೆಮಾಡುತ್ತದಾ ನೋಡಿ. ಕೆಲವು ಕಾರುಗಳಲ್ಲಿ ಇದು ನಿಜಕ್ಕೂ ತೊಂದರೆ.

ಇಲ್ಲೇ ಜನ ಹೆಚ್ಚಾಗಿ ಮೋಸ ಹೋಗುವುದು. ಟೆಸ್ಟ್ ಡ್ರೈವ್‌ಗೆ ಇಡುವುದು ಸಾಮಾನ್ಯವಾಗಿ ಟಾಪ್ ಮಾಡೆಲ್. ನೀವು ಕೊಳ್ಳುವುದು ಮಧ್ಯದ ಮಾಡೆಲ್ ಆದರೆ ಸೀಟು ಎತ್ತರಿಸುವ ಸೌಲಭ್ಯ, ಹಿಂದಿನ ಕ್ಯಾಮೆರಾ ಅದರಲ್ಲಿ ಇಲ್ಲದಿರಬಹುದು. ಟೈರಿನ ಅಳತೆಯೂ ಬೇರೆ ಇರಬಹುದು. ಓಡಿಸಿದ ಕಾರು ಯಾವ ಮಾಡೆಲ್, ಯಾವ ಎಂಜಿನ್, ಯಾವ ಗೇರ್‌ಬಾಕ್ಸ್ ಅಂತ ಬರೆದುಕೊಳ್ಳಿ. ನಿಮ್ಮ ಕೊಟೇಶನ್ ಜೊತೆ ಹೋಲಿಸಿ. ಏನೇನು ಇಲ್ಲವೋ ಅದನ್ನೆಲ್ಲ ಬಾಯಿಮಾತಿನಲ್ಲಿ ಕೇಳಿ ಬಿಡದೆ ಬರೆಸಿಕೊಳ್ಳಿ.

ಸಂಜೆ ಆರೂವರೆಗೆ ಟೈಮ್ ಕೇಳಿದರೆ ಒಳ್ಳೆಯದು. ಕತ್ತಲಾದ ಮೇಲೆ ಹೆಡ್‌ಲೈಟ್ ಬೆಳಕು ಎಷ್ಟು ದೂರ ಹೋಗುತ್ತದೆ ಅಂತಲೂ ಗೊತ್ತಾಗುತ್ತದೆ. ಮಲೆನಾಡಿನ ಮಳೆ, ಮಂಜಿನಲ್ಲಿ ಓಡಿಸುವವರಿಗೆ ಅದು ಸಣ್ಣ ವಿಷಯ ಅಲ್ಲ.

ಎಎಂಟಿ ತಗೊಳ್ಳೋಣ ಅಂತಿದ್ದೀರಿ. ನಾನಾದರೆ ಇಷ್ಟೆಲ್ಲ ಮಾಡದೆ ತಗೊಳ್ಳೋದಿಲ್ಲ. ಏರಿನಲ್ಲಿ ನಿಮ್ಮಿಬ್ಬರಿಗೂ ಅಳುಕು ಹೋಯಿತು ಅಂದರೆ ಧೈರ್ಯವಾಗಿ ತಗೊಳ್ಳಿ. ಇಲ್ಲ ಅಂದರೆ ಅದೇ ಕಾರಿನ ಮ್ಯಾನುವಲ್ ತರಿಸಿ, ಅದೇ ಏರಿನಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು ಇನ್ನೊಂದು ದಿನ ಓಡಿಸಿ.