ಏರಿ ಕಟ್ಟಿಸಿದವನ ಗದ್ದೆ

ಕೆರೆಗಳೆಲ್ಲ ಅರಸರು ಕಟ್ಟಿಸಿದವು ಎಂಬ ಮಾತು ಹಳೆಯ ಮೈಸೂರು ಸೀಮೆಯ ಮಟ್ಟಿಗೆ ಅರ್ಧ ಮಾತ್ರ ನಿಜ. ಎರಡು ದಿಣ್ಣೆಗಳ ನಡುವಿನ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ, ಅದರ ಒಳಮೈಗೆ ಕಲ್ಲು ಹೊದಿಸಿ, ಗದ್ದೆಗೆ ನೀರು ಬಿಡುವ ತೂಬು ಇಡಿಸಿದವರಲ್ಲಿ ಊರ ಮುಖಂಡರಾದ ಗಾವುಂಡರೂ ವರ್ತಕರೂ ಇದ್ದರೆಂದು ಶಾಸನಗಳು ಹೇಳುತ್ತವೆ. ಸ್ವಂತ ಹಣದಿಂದ ಕೆರೆ ಕಟ್ಟಿಸಿದವನಿಗೆ, ಇಲ್ಲವೇ ಒಡೆದ ಕೆರೆಯನ್ನು ನಿಲ್ಲಿಸಿದವನಿಗೆ, ಅದರ ನೀರುಣ್ಣುವ ಅಚ್ಚುಕಟ್ಟಿನ ಒಂದು ಪಾಲು ಗದ್ದೆಯನ್ನು ಕಂದಾಯವಿಲ್ಲದೆ ಅಥವಾ ಹಗುರವಾದ ಕಂದಾಯಕ್ಕೆ ಬಿಟ್ಟುಕೊಡುವ ಪದ್ಧತಿಯಿತ್ತು. ಅದಕ್ಕೆ ಕಟ್ಟುಕೊಡಗೆ ಎಂದು ಹೆಸರು. ಕೆರೆಯ ಪೋಷಣೆಗೆಂದೇ ಬಿಟ್ಟ ಬಿತ್ತುವಟ್ಟ, ದಶವಂದ ಎಂಬ ದತ್ತಿಗಳೂ ಇದೇ ಬಳಗದವು. ದಾನಕ್ಕಿಂತ ಲೆಕ್ಕಾಚಾರವೇ ಇಲ್ಲಿ ಹೆಚ್ಚೆಂದು ನನಗನ್ನಿಸುತ್ತದೆ: ಏರಿ ಸೋರಿದರೆ ಮೊದಲು ಕೆಡುವುದು ಕಟ್ಟಿಸಿದವನ ಪೈರೇ.

ಮಣ್ಣಿನ ಏರಿಗೆ ಇಂಥ ಕಾವಲುಗಾರ ಬೇಕೇ ಬೇಕು. ಮಳೆಗೆ ಅದರ ಮೈ ಕೊರಕಲು ಬೀಳುತ್ತದೆ. ಇಲಿ, ಏಡಿಗಳು ಬಿಲ ತೋಡುತ್ತವೆ. ಏರಿಯ ಮೇಲೆ ಬೆಳೆದ ಮರ ಸತ್ತು ಬೇರು ಕೊಳೆತರೆ ಅದೇ ನೀರಿಗೆ ದಾರಿಯಾಗುತ್ತದೆ. ತೂಬಿನ ಕಲ್ಲಿಗೂ ಮಣ್ಣಿಗೂ ನಡುವಿನ ಸಣ್ಣ ಸಂದಿನಿಂದ ಜಿನುಗು ಶುರುವಾಗುತ್ತದೆ. ಹೆಚ್ಚಾದ ನೀರು ಹೊರಹೋಗುವ ಕೋಡಿ ಮುಚ್ಚಿಕೊಂಡು ನೀರು ಏರಿಯನ್ನು ಉಕ್ಕಿ ದಾಟಿತೆಂದರೆ ಒಂದೇ ರಾತ್ರಿ ಸಾಕು. ಮೇಲಿನ ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಯ ಮೇಲೆ ಬೀಳುತ್ತದೆ, ಏಕೆಂದರೆ ಅವು ಸರಪಳಿಯಾಗಿ ಹೆಣೆದುಕೊಂಡಿವೆ. ಕೆರೆಗಳು ಎಷ್ಟು ದಟ್ಟವಾಗಿದ್ದವೆಂದರೆ, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದು ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ 1866ರಲ್ಲಿ ಬರೆದಿದ್ದರು.

ಆ ಹೊತ್ತಿಗಾಗಲೇ, 1856ರಲ್ಲಿ ಸ್ಥಾಪನೆಯಾದ ಲೋಕೋಪಯೋಗಿ ಇಲಾಖೆಯ ಕೈಗೆ ಕೆರೆಗಳ ಕೆಲಸ ಸರಿಯತೊಡಗಿತ್ತು. ಹೊಣೆಯನ್ನು ಊರಿಗೆ ಮರಳಿಸಲು 1911ರ ಕೆರೆ ಪಂಚಾಯಿತಿ ಕಾನೂನು ಯತ್ನಿಸಿತಾದರೂ ಹೆಚ್ಚು ಫಲ ಕಾಣಲಿಲ್ಲ. 1950ರ ದಶಕದ ಇನಾಂ (ಕಂದಾಯವಿಲ್ಲದೆ ಅಥವಾ ಹಗುರವಾದ ಕಂದಾಯಕ್ಕೆ ಬಿಟ್ಟ ಭೂಮಿ) ರದ್ದತಿ, 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಗಳು ವಂಶಪಾರಂಪರ್ಯದ ಹಕ್ಕುಗಳನ್ನು ಕೊನೆಗಾಣಿಸಿದವು. ಸಾಮಾಜಿಕವಾಗಿ ಅದು ನ್ಯಾಯವೇ, ಆದರೆ ತೂಬು ಎತ್ತಿ ಇಳಿಸುತ್ತಿದ್ದ ನೀರಗಂಟಿಯ ಆಸರೆಯೂ ಅದರೊಂದಿಗೇ ಹೋಯಿತು. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿಗೆ, ಹೆಚ್ಚಿನವು ಸಣ್ಣ ನೀರಾವರಿ ಇಲಾಖೆಗೆ ಎಂಬ ಹಂಚಿಕೆ ಬಂತು. ಉಳ್ಳವರು ಕೊಳವೆಬಾವಿ ಕೊರೆಸಿಕೊಂಡ ಮೇಲೆ ಏರಿಯ ಚಿಂತೆ ಅವರಿಗೂ ಬೇಡವಾಯಿತು.

2014ರಲ್ಲಿ ಬಂದ ಕೃಷಿಭಾಗ್ಯ ಯೋಜನೆಯ ಕೃಷಿಹೊಂಡದೊಂದಿಗೆ ಖಾಸಗಿ ನೀರು ಮತ್ತೆ ಹೊಲಕ್ಕೆ ಬಂದಿದೆ. ಮಳೆ ಕೈಕೊಟ್ಟಾಗ ಒಂದೆರಡು ನೀರು ಹಾಯಿಸಿ ಬೆಳೆ ಉಳಿಸಿಕೊಳ್ಳಲು ಅದು ಆಗಿಬರುತ್ತದೆ. ಆದರೆ ಹೊಂಡದ ತಳಕ್ಕೆ ಪಾಲಿಥೀನ್ ಹಾಳೆ ಹಾಸುವುದರಿಂದ, ಕೆರೆಯಂಗಳದ ನೀರು ಇಂಗಿ ಸುತ್ತಲಿನ ಬಾವಿಗಳಿಗೆ ಬರುತ್ತಿದ್ದಂತೆ ಇಲ್ಲಿನ ನೀರು ನೆಲಕ್ಕಿಳಿಯುವುದಿಲ್ಲ. ಹಳೆಯ ಏರಿಯ ಕೋಡಿ ನೀರು ಕೆಳಗಿನ ಕೆರೆಯ ಪಾಲೆಂಬುದು ಎಲ್ಲರಿಗೂ ತಿಳಿದಿತ್ತು. ಜಲಾನಯನದಲ್ಲಿ ಸಾಲುಸಾಲಾಗಿ ತೋಡಿದ ಹೊಂಡಗಳು ಮೊದಲ ಮಳೆಯನ್ನೆಲ್ಲ ಹಿಡಿದುಕೊಂಡರೆ ಕೆಳಗಿನ ಕೆರೆಗೆ ಎಷ್ಟು ಬಿಡಬೇಕೆಂಬ ಕಟ್ಟುಪಾಡನ್ನು ಊರಿನವರು ಇನ್ನೂ ಮಾಡಿಕೊಳ್ಳಬೇಕಿದೆ.