ಎರಡೂ ಲೆಕ್ಕ ಸರಿ ಇದೆ, ಹುಡುಗಿಯರೆಲ್ಲಿ?

ಪುಣೆಯ ವಾಘೋಲಿ ಕಡೆಯ ಒಂದು ಸಂಜೆ ತರಗತಿಯ ಹಾಜರಿ ಪುಸ್ತಕ ಹೀಗಿದೆ ಎಂದುಕೊಳ್ಳಿ. ಒಟ್ಟು 40 ಮಕ್ಕಳು. ಹುಡುಗರು 20, ಹುಡುಗಿಯರು 20. ಬಡವರ ವಸ್ತಿಯಿಂದ 28, ಉತ್ತರ ಕರ್ನಾಟಕದ ಕಡೆಯ ಕಟ್ಟಡ ಕೂಲಿಗಳ ಲೇಬರ್ ಕ್ಯಾಂಪಿನಿಂದ 12. ವರದಿ ಬರೆಯುವವರಿಗೆ ಇಷ್ಟಿದ್ದರೆ ಖುಷಿ: ಹೆಣ್ಣು ಗಂಡು ಸಮಸಮ, ವಲಸೆ ಬಂದವರಿಗೂ ಪಾಲು ಸಿಕ್ಕಿದೆ. ಈಗ ಅದೇ ಪುಸ್ತಕವನ್ನು ಕೋಷ್ಟಕದಂತೆ ನಾಲ್ಕು ಮನೆ ಮಾಡಿ ಮತ್ತೆ ಎಣಿಸಿ. ವಸ್ತಿಯ ಹುಡುಗಿಯರು 19, ವಸ್ತಿಯ ಹುಡುಗರು 9, ಕ್ಯಾಂಪಿನ ಹುಡುಗರು 11. ಕ್ಯಾಂಪಿನ ಹುಡುಗಿ ಒಬ್ಬಳೇ.

ಯುವಜನರ ನಡುವೆ ಕೆಲಸ ಮಾಡುವವರಿಗೆ ಇಂಟರ್‌ಸೆಕ್ಷನಾಲಿಟಿ ಕಲಿಸುವುದಿದ್ದರೆ ಈ ನಾಲ್ಕು ಮನೆಯಿಂದಲೇ ಶುರು ಮಾಡಬೇಕು. ವ್ಯಾಖ್ಯೆ ಆಮೇಲೆ, ಸದ್ಯಕ್ಕೆ ಜಾತಿ, ಹೆಣ್ಣುತನ, ಬಡತನದಂಥವು ಒಬ್ಬರ ಮೇಲೆ ಒಟ್ಟಿಗೆ ಬಿದ್ದಾಗ ಬೇರೆಯೇ ಒಂದು ಪಾಡು ಆಗುತ್ತದೆ ಎಂಬುದಷ್ಟು ಸಾಕು. ಕನ್ನಡದಲ್ಲಿ ‘ಅಂತರ್‌ಛೇದಕತೆ’ ಎಂದರೆ ಕೇಳಿದವರು ಜ್ಯಾಮಿತಿಯ ಪಾಠ ಎಂದುಕೊಳ್ಳುತ್ತಾರೆ. ಪುಣೆಯಲ್ಲಂತೂ ‘ಚೌಕ’ ಅಂದರೆ ಸಾಕು, ಈ ಊರಿನಲ್ಲಿ ಯಾವ ವಿಳಾಸವೂ ಚೌಕವಿಲ್ಲದೆ ಮುಗಿಯುವುದಿಲ್ಲ. ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಷಾ 1989ರಲ್ಲಿ ಈ ಪದ ತಂದಾಗ ಕೊಟ್ಟ ಹೋಲಿಕೆಯೂ ಚೌಕದ್ದೇ: ದಾರಿಗಳು ಕೂಡುವಲ್ಲಿ ನಿಂತವರಿಗೆ ಯಾವ ಕಡೆಯಿಂದಲೂ ಗಾಡಿ ಗುದ್ದಬಹುದು, ಒಮ್ಮೊಮ್ಮೆ ಎಲ್ಲ ಕಡೆಯಿಂದಲೂ. ಜನರಲ್ ಮೋಟರ್ಸ್ ಕಂಪನಿಯ ಮೇಲೆ ಐವರು ಕಪ್ಪು ಮಹಿಳೆಯರು ಹಾಕಿದ್ದ ದಾವೆ ಅದರ ಹಿಂದಿತ್ತು. 1964ಕ್ಕೆ ಮೊದಲು ಅಲ್ಲಿ ಕಪ್ಪು ಮಹಿಳೆಯರಿಗೆ ಕೆಲಸವೇ ಇರಲಿಲ್ಲ. ಮುಂದೆ ಮಂದಿ ಕಡಿಮೆ ಮಾಡುವಾಗ ಕೊನೆಗೆ ಬಂದವರನ್ನು ಮೊದಲು ತೆಗೆದರು. 1976ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ: ಜನಾಂಗ ಅನ್ನಿ, ಇಲ್ಲವೇ ಹೆಣ್ಣು ಅನ್ನಿ, ಎರಡನ್ನೂ ಕೂಡಿಸಿ ಹೊಸ ವರ್ಗ ಮಾಡಿಕೊಂಡು ಬರಬೇಡಿ ಎಂದಿತು. ಯಾವ ಗಾಡಿ ಗುದ್ದಿತು ಹೇಳಿ, ಆಮೇಲೆ ಆಂಬುಲೆನ್ಸ್ ಕಳಿಸುತ್ತೇವೆ ಎಂದಂತೆ ಎಂಬುದು ಕ್ರೆನ್‌ಷಾ ತಕರಾರು.

ಪುಣೆಯವರು ಇದನ್ನು ಅಮೆರಿಕದಿಂದ ಬಂದ ಸರಕು ಎಂದು ದೂರ ತಳ್ಳುವಂತಿಲ್ಲ. ಫುಲೆ ದಂಪತಿಯ ಶಾಲೆಯಲ್ಲಿ ಕಲಿತ, ಅಸ್ಪೃಶ್ಯರೆನಿಸಿದ್ದ ಮಾಂಗ ಸಮುದಾಯದ ಬಾಲಕಿ ಮುಕ್ತಾ ಸಾಳ್ವೆ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಬರೆದ ಪ್ರಬಂಧದಲ್ಲಿ, ತಲೆಯ ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ಹೆರುವ ತನ್ನ ಜಾತಿಯ ಹೆಂಗಸರ ಪಾಡು ಬಂದಿದೆ. ಅಲ್ಲಿ ಜಾತಿ, ಬಡತನ, ಹೆಣ್ಣುತನ ಬೇರೆ ಬೇರೆಯಾಗಿ ಇಲ್ಲ.

ತರಬೇತಿ ಒಂದೇ ದಿನದಲ್ಲಿ ಮುಗಿಸಬೇಡಿ. 16ರಿಂದ 18 ಜನ, ಮೂರು ಗಂಟೆಯ ಮೂರು ಕೂಟ, ನಡುವೆ ಒಂದೊಂದು ವಾರ. ಆ ವಾರ ಕ್ಷೇತ್ರಕ್ಕೆ ಹೋಗಿ ಕೇಳಿ ಬರುವುದಕ್ಕೆ ಬೇಕು. ಮೊದಲ ಕೂಟದಲ್ಲಿ ಪ್ರತಿಯೊಬ್ಬರೂ ತಮ್ಮದೇ ಹಾಜರಿ ಪುಸ್ತಕವನ್ನು ನಾಲ್ಕು ಮನೆ ಮಾಡಬೇಕು. ಮನೆಗೆ ಹೋಗುವಾಗ ಒಂದೇ ಕೆಲಸ: ಕೋಷ್ಟಕದಲ್ಲಿ ಖಾಲಿಯಾಗಿರುವ ಮನೆಗೆ ಸೇರಬೇಕಾದವರನ್ನು ಕಂಡು ಮಾತಾಡಿ ಬರುವುದು.

ಹೇಗೆ ಕೇಳುತ್ತಾರೆ ಎಂಬುದರಲ್ಲೇ ಅರ್ಧ ವಿದ್ಯೆ ಇದೆ. ‘ನಿಮ್ಮ ಮಂದಿಯೊಳಗ ಹುಡುಗ್ಯಾರಿಗೆ ಕಲಿಸೂದಿಲ್ಲೇನು?’ ಎಂದು ಕೇಳಿದರೆ ಮಾತು ಅಲ್ಲಿಗೇ ನಿಂತಿತು. ‘ಸಂಜೀ ಐದಕ್ಕ ಏನ್ ಮಾಡ್ತಿರ್ತಿ ತಂಗಿ?’ ಎಂದು ಕೇಳಿದರೆ ಬರುವ ಉತ್ತರವೇ ಬೇರೆ: ‘ನೀರಿನ ಟ್ಯಾಂಕರ್ ಬರೋದ ಆವಾಗರೀ ಅಕ್ಕಾರ. ಅವ್ವ ಸೈಟಿಂದ ಬರೂತನಕ ತಮ್ಮನ್ನೂ ನೋಡ್ಕೋಬೇಕು.’

ಹುಡುಗಿಯರಿಗೆಂದು ಸಂಸ್ಥೆ ಶೌಚಾಲಯ ಕಟ್ಟಿಸಿತ್ತು, ಕ್ಯಾಂಪಿನವರಿಗೆಂದು ವ್ಯಾನ್ ಇಟ್ಟಿತ್ತು ಎಂದುಕೊಳ್ಳಿ. ಎರಡೂ ಒಳ್ಳೆಯದೇ. ಆದರೆ ಹನ್ನೊಂದು ಹುಡುಗರಿರುವ ವ್ಯಾನಿಗೆ ಒಬ್ಬಳೇ ಹತ್ತಲು ಮನೆಯವರು ಬಿಡರು, ವ್ಯಾನ್ ತಪ್ಪಿದ ಮೇಲೆ ಶೌಚಾಲಯ ಇದ್ದೇನು ಪ್ರಯೋಜನ. ಮಧ್ಯಾಹ್ನ ಎರಡಕ್ಕೆ ಕ್ಯಾಂಪಿನೊಳಗೇ ತರಗತಿ, ಪಕ್ಕದಲ್ಲಿ ಚಿಕ್ಕವರಿಗೆ ಬಾಲವಾಡಿ: ಖರ್ಚು ವ್ಯಾನಿಗೆ ಹೋಗುವಷ್ಟೇ ಆದೀತು. ವಸ್ತಿಯ ಹುಡುಗರು ಒಂಬತ್ತೇ ಯಾಕೆ ಎಂದೂ ಕೇಳಬೇಕು. ಅವರು ಗ್ಯಾರೇಜಿನಲ್ಲೋ ಹೋಟೆಲಿನಲ್ಲೋ ದುಡಿಯುತ್ತಿದ್ದಾರು.

ಎರಡನೆಯ ಕೂಟ ಕಾಗದಪತ್ರದ್ದು. ಒಂದು ಕಾರ್ಡ್ ಕೊಡಿ: ವಯಸ್ಸು 17, ಲಮಾಣಿ ಹುಡುಗಿ, ಹುಟ್ಟೂರು ವಿಜಯಪುರ ಜಿಲ್ಲೆಯ ತಾಂಡಾ, ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಪಾಸು, ಈಗ ಪುಣೆಯ ಕ್ಯಾಂಪಿನಲ್ಲಿ ವಾಸ. ಮುಂದೆ ಓದಬೇಕು. ಕರ್ನಾಟಕದಲ್ಲಿ ಅವಳ ಸಮುದಾಯ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಅದೇ ಬಂಜಾರಾ ಸಮುದಾಯ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದೆ, ಆ ಪ್ರಮಾಣಪತ್ರಕ್ಕೆ ಮನೆತನ 1961ರ ನವೆಂಬರ್ 21ಕ್ಕೂ ಮೊದಲಿನಿಂದ ಇಲ್ಲಿ ನೆಲೆಸಿದ್ದಕ್ಕೆ ಪುರಾವೆ ಕೇಳುತ್ತಾರೆ. ಹಾಗಾಗಿ ಅವಳ ಕೈಯಲ್ಲಿರುವ ಕಾಗದ ಊರಲ್ಲಿ ನಡೆಯುತ್ತದೆ, ಕೇಂದ್ರ ಸರ್ಕಾರದ ಸೌಲಭ್ಯಕ್ಕೂ ನಡೆಯುತ್ತದೆ, ಇಲ್ಲಿಯ ರಾಜ್ಯ ಮೀಸಲಾತಿಗೆ ನಡೆಯುವುದಿಲ್ಲ. ಕಾರ್ಯಕರ್ತರು ಇಲ್ಲೇ ಎಡವುತ್ತಾರೆ: ಇಲ್ಲಿಯ ಕಚೇರಿಗೆ ಆರು ತಿಂಗಳು ಅಲೆಸುತ್ತಾರೆ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಹೊರರಾಜ್ಯದಲ್ಲಿ ಓದಿದರೂ ಸ್ವಂತ ರಾಜ್ಯವೇ ಕೊಡಬೇಕಾದದ್ದು. ಅರ್ಜಿ ಕರ್ನಾಟಕಕ್ಕೆ ಹೋಗಬೇಕು.

ಇನ್ನೊಂದು ಬಾಗಿಲು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ಅಲ್ಲಿ ಶಿಕ್ಷಣ ಸಹಾಯ ಇದೆ. ನೋಂದಣಿಗೆ 18ರಿಂದ 60ರೊಳಗಿನ ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನದ ಕೆಲಸ ಬೇಕು. ಗಂಡ ಹೆಂಡತಿ ಜೋಡಿಯಾಗಿ ದುಡಿದು ಪಗಾರ ಗಂಡನ ಕೈಗೆ ಬರುವ ಕಡೆ ಹೆಂಗಸಿನ ಹೆಸರು ಮಸ್ಟರಿನಲ್ಲೇ ಇರುವುದಿಲ್ಲ. ಅಪ್ಪ ಬಿಟ್ಟುಹೋದ ಮನೆಯಲ್ಲಿ, ದಿನವೂ ಬುಟ್ಟಿ ಹೊರುವ ಅವ್ವ ಸರ್ಕಾರದ ಲೆಕ್ಕದಲ್ಲಿ ಕಾರ್ಮಿಕಳೇ ಅಲ್ಲ.

ಈಗ ಕಾರ್ಡಿನಲ್ಲಿ ಒಂದೇ ಒಂದು ಸಂಗತಿ ಬದಲಿಸಿ. ಹುಡುಗಿಯ ಬದಲು ಹುಡುಗ. ಲಮಾಣಿ ಬದಲು ಲಿಂಗಾಯತ. ಒಂದು ಕಾಲು ಊನ. ಪ್ರತಿ ಸಲವೂ ಯಾವ ಬಾಗಿಲು ತೆರೆಯಿತು, ಯಾವುದು ಮುಚ್ಚಿತು ಎಂದು ಗುಂಪು ಹೇಳಬೇಕು. ಕೂಡಿಸುವ ಲೆಕ್ಕ ಮಾಡುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ‘ದಲಿತ ಒಂದು, ಹೆಣ್ಣು ಒಂದು, ಬಡವಿ ಒಂದು, ಮೂರು ಅಂಕ’ ಎಂದು ಕಷ್ಟದ ಮಾರ್ಕು ಹಾಕಿದರೆ ಟ್ಯಾಂಕರಿನ ಹೊತ್ತು ಆ ಅಂಕದೊಳಗೆ ಎಲ್ಲೂ ಕಾಣುವುದಿಲ್ಲ.

ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ‘ಮನೆಯಲ್ಲಿ ಪುಸ್ತಕ ಇದ್ದವರು ಒಂದು ಹೆಜ್ಜೆ ಮುಂದೆ’ ಎನ್ನುವ ಆಟ ಬಲು ಜನಪ್ರಿಯ. ಅದನ್ನು ಕೈಬಿಡುವುದೇ ಮೇಲು. ಹಿಂದೆ ಉಳಿದವರ ಅವಮಾನದಿಂದ ಮುಂದೆ ಹೋದವರು ಪಾಠ ಕಲಿಯುತ್ತಾರೆ, ಹಿಂದಿನವರಿಗೆ ಗೊತ್ತಿಲ್ಲದ್ದೇನೂ ಅಲ್ಲಿ ಸಿಗುವುದಿಲ್ಲ. ಕೂಟದಲ್ಲಿ ಒಬ್ಬರೇ ಮುಸ್ಲಿಂ ಅಥವಾ ಒಬ್ಬರೇ ದಲಿತರಿದ್ದರೆ ‘ನೀವೇ ಹೇಳಿ’ ಎಂದು ತಿರುಗುವುದೂ ಅದೇ ಜಾತಿಯ ತಪ್ಪು. ಉತ್ತರ ಕರ್ನಾಟಕದ ಕಡೆಯವರಲ್ಲಿ ‘ಅಡ್ಡಹೆಸರೇನು?’ ಎಂದು ಕೇಳಿ ಪರಿಚಯ ಶುರು ಮಾಡಬೇಡಿ, ಅದು ಜಾತಿ ಕೇಳಿದಂತೆಯೇ. ನಾಲ್ಕು ಮನೆಯ ಕೋಷ್ಟಕದಲ್ಲಿ ಒಬ್ಬರೇ ಇರುವ ಮನೆಯನ್ನು ಗೋಡೆಗೆ ಅಂಟಿಸಬೇಡಿ, ಹೆಸರಿಲ್ಲದಿದ್ದರೂ ಯಾರೆಂದು ಕ್ಯಾಂಪಿಗೆಲ್ಲ ತಿಳಿಯುತ್ತದೆ.

‘ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತದೆ’ ಎಂಬ ಮಾತನ್ನೂ ಕೊಡಬೇಡಿ. 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳಿಗೆ ಇದನ್ನು ಅವರು ಬಾಯಿಬಿಡುವ ಮೊದಲೇ ಹೇಳಬೇಕು, ಆಮೇಲಲ್ಲ.

ಮೂರನೆಯ ಕೂಟಕ್ಕೆ ಪ್ರತಿಯೊಬ್ಬರೂ ಬದಲಿಸಿದ ಒಂದೇ ಒಂದು ಸಂಗತಿ ಬರೆದು ತರಬೇಕು: ತರಗತಿಯ ಹೊತ್ತು, ಅರ್ಜಿಯ ಒಂದು ಕಾಲಂ, ವ್ಯಾನಿನ ದಾರಿ, ಯಾವುದಾದರೂ ಸರಿ. ‘ಜಾಗೃತಿ ಮೂಡಿತು’ ಎಂದು ಬರೆದವರಿಗೆ ಹಾಳೆ ವಾಪಸು ಕೊಡಿ. ಒಂದು ತಿಂಗಳ ನಂತರ ಅದೇ ಹಾಜರಿ ಪುಸ್ತಕ, ಅದೇ ನಾಲ್ಕು ಮನೆ. ಆ ಒಂದು ಇನ್ನೂ ಒಂದೇ ಆಗಿದ್ದರೆ ಇನ್ನೊಂದು ತರಬೇತಿ ಬೇಕಿಲ್ಲ, ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತದೆಂದು ಮತ್ತೊಮ್ಮೆ ಕೇಳಿಕೊಂಡು ಬನ್ನಿ.