ಕಡಲೆಕಾಳಿನ ಹೆಸರಿನ ವಕೀಲ

ಲ್ಯಾಟಿನ್‌ನಲ್ಲಿ 'ಕಿಕೆರ್' ಅಂದರೆ ಕಡಲೆ. ವಂಶದ ಹಿರಿಯನೊಬ್ಬನ ಮೂಗಿನ ತುದಿ ಕಡಲೆಕಾಳಿನ ಹಾಗೆ ಸೀಳಿತ್ತಂತೆ, ಅದರಿಂದಲೇ ಮನೆತನಕ್ಕೆ ಸಿಸೆರೊ ಅನ್ನುವ ಹೆಸರು ಬಂತು ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಆ ಮನೆತನದವನೇ ಪ್ರಾಚೀನ ರೋಮ್‌ನ ವಕೀಲ, ಭಾಷಣಕಾರ ಸಿಸೆರೊ. ರಾಜಕೀಯಕ್ಕೆ ಇಳಿಯುವಾಗ ಗೆಳೆಯರು ಹೆಸರು ಬದಲಿಸಿಕೋ ಅಂದರು. ಇವನು ಕೇಳಲಿಲ್ಲ.

ಹುಟ್ಟಿದ್ದು ಕ್ರಿ.ಪೂ. 106ರಲ್ಲಿ, ಅರ್ಪಿನಮ್ ಎಂಬ ಸಣ್ಣ ಊರಲ್ಲಿ. ಮನೆಯಲ್ಲಿ ದುಡ್ಡಿತ್ತು. ಆದರೆ ರೋಮ್‌ನಲ್ಲಿ ದೊಡ್ಡ ಹುದ್ದೆ ಹಿಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಇಂಥವರನ್ನು ಅಲ್ಲಿ 'ಹೊಸಬ' ಅಂತ ಕರೆಯುತ್ತಿದ್ದರು, ಪ್ರೀತಿಯಿಂದ ಅಲ್ಲ. ಹೊಸಬನ ಬಂಡವಾಳ ಬರೀ ಬಾಯಿ. ಕ್ರಿ.ಪೂ. 70ರಲ್ಲಿ ಸಿಸಿಲಿಯನ್ನು ಲೂಟಿ ಮಾಡಿದ್ದ ರಾಜ್ಯಪಾಲ ವೆರೆಸ್ ಮೇಲೆ ಕೇಸು ನಡೆಸಿದ. ಆಗಿನ ನಂಬರ್ ಒನ್ ವಕೀಲ ಹಾರ್ಟೆನ್ಸಿಯಸ್ ಎದುರು ಕಡೆಯಲ್ಲಿದ್ದರೂ ಸಾಕ್ಷಿಗಳ ಮೇಲೆ ಸಾಕ್ಷಿ ತಂದು ನಿಲ್ಲಿಸಿದ. ತೀರ್ಪು ಬರುವ ಮೊದಲೇ ವೆರೆಸ್ ಊರು ಬಿಟ್ಟ.

ಕ್ರಿ.ಪೂ. 63ರಲ್ಲಿ ಸಿಸೆರೊ ಕಾನ್ಸಲ್ ಆದ, ಅಂದರೆ ವರ್ಷಕ್ಕೆ ಇಬ್ಬರಂತೆ ಆರಿಸಿ ಬರುವ ಅತಿ ದೊಡ್ಡ ಹುದ್ದೆ. ಅದೇ ವರ್ಷ ಕ್ಯಾಟಿಲೈನ್ ಎಂಬಾತ ಸರ್ಕಾರ ಕೆಡವಲು ಹೊಂಚು ಹಾಕಿದ್ದು ಬಯಲಾಯಿತು. ಅವನ ಕಡೆಯ ಐವರು ಸಿಕ್ಕಿಬಿದ್ದರು. ರೋಮ್‌ನ ನಾಗರಿಕನನ್ನು ವಿಚಾರಣೆ ಇಲ್ಲದೆ ಕೊಲ್ಲುವ ಹಾಗಿರಲಿಲ್ಲ. ರೋಮ್‌ನ ಹಿರಿಯರ ಸಭೆಯಾದ ಸೆನೆಟ್‌ನಲ್ಲಿ ಜೂಲಿಯಸ್ ಸೀಸರ್ ಎದ್ದು ನಿಂತು, ಕೊಲ್ಲಬೇಡಿ, ಬೇರೆ ಬೇರೆ ಊರುಗಳಲ್ಲಿ ಸೆರೆಯಲ್ಲಿಡಿ ಅಂದ. ಇನ್ನೊಬ್ಬ ಸದಸ್ಯ ಕೇಟೋ ಸಾವೇ ಆಗಬೇಕು ಅಂದ, ಸೆನೆಟ್ ಅವನ ಕಡೆ ವಾಲಿತು. ಅವತ್ತೇ ಐವರ ಕತ್ತು ಹಿಸುಕಿಸಿ ಹೊರಗೆ ಬಂದ ಸಿಸೆರೊ ಜನರಿಗೆ ಹೇಳಿದ್ದು ಒಂದೇ ಪದ: 'ಬದುಕಿದ್ದರು'. ಸತ್ತರು ಅನ್ನುವುದು ಅಪಶಕುನ, ನಮ್ಮಲ್ಲಿ 'ಹೋಗಿಬಿಟ್ಟರು' ಅನ್ನುವುದಿಲ್ವಾ, ಹಾಗೆ.

ನನ್ನ ಪ್ರಕಾರ ಅವನ ಮುಂದಿನ ಕಷ್ಟವೆಲ್ಲ ಶುರುವಾಗಿದ್ದು ಇಲ್ಲಿಂದಲೇ. ದೇಶ ಉಳಿಸಿದೆ ಅಂತ ಹೋದಲ್ಲೆಲ್ಲ ಹೇಳಿಕೊಂಡ, ಪದ್ಯ ಕೂಡ ಬರೆದ, ಅದನ್ನು ಓದಿ ನಕ್ಕವರೇ ಜಾಸ್ತಿ. ಅವನ ಕಡುವೈರಿ ಕ್ಲೋಡಿಯಸ್ ಮಾತ್ರ ನಗುತ್ತಾ ಕೂರಲಿಲ್ಲ. ಕ್ರಿ.ಪೂ. 58ರಲ್ಲಿ, ವಿಚಾರಣೆ ಇಲ್ಲದೆ ನಾಗರಿಕರನ್ನು ಕೊಲ್ಲಿಸಿದವರಿಗೆ ಗಡೀಪಾರು ಅಂತ ಕಾನೂನು ತಂದ. ಹೆಸರು ಹೇಳಬೇಕಾಗಿರಲಿಲ್ಲ. ಸಿಸೆರೊ ಊರು ಬಿಟ್ಟ ಮೇಲೆ ಅವನ ಮನೆ ಕೆಡವಿಸಿ, ಆ ಜಾಗದಲ್ಲಿ ಸ್ವಾತಂತ್ರ್ಯ ದೇವಿಗೆ ಗುಡಿ ಕಟ್ಟಿಸಿದ. ಎಂಥ ಚುಚ್ಚು ಅಲ್ವಾ!

ಮರುವರ್ಷ ವಾಪಸ್ ಬಂದನಾದರೂ ಹಳೆಯ ಗತ್ತು ಬರಲಿಲ್ಲ. ಸೀಸರ್ ಕೊಲೆಯಾದ ಮೇಲೆ ಮುದುಕ ಮತ್ತೆ ಎದ್ದ. ಸೀಸರ್‌ನ ಬಲಗೈಯಾಗಿದ್ದ ಮಾರ್ಕ್ ಆಂಟನಿ ವಿರುದ್ಧ 14 ಭಾಷಣ ಬರೆದ. ಆದರೆ ಇವನು ನೆಚ್ಚಿಕೊಂಡಿದ್ದ ಹುಡುಗ, ಸೀಸರ್‌ನ ದತ್ತುಮಗ ಆಕ್ಟೇವಿಯನ್ ಅದೇ ಆಂಟನಿ ಜೊತೆ ಕೈ ಜೋಡಿಸಿದ. ಕೊಲ್ಲಬೇಕಾದವರ ಪಟ್ಟಿ ತಯಾರಾಯಿತು. ಕೋರ್ಟಿಲ್ಲ, ವಿಚಾರಣೆಯಿಲ್ಲ. ಕ್ರಿ.ಪೂ. 43ರ ಡಿಸೆಂಬರ್ 7ರಂದು ಪಲ್ಲಕ್ಕಿಯಲ್ಲಿ ಸಮುದ್ರದ ಕಡೆ ಹೊರಟಿದ್ದವನನ್ನು ಸೈನಿಕರು ಹಿಡಿದು ತಲೆ ಕಡಿದರು. ಆ ಭಾಷಣ ಬರೆದ ಕೈಯನ್ನೂ ಬಿಡಲಿಲ್ಲ. ಎರಡನ್ನೂ ರೋಮ್‌ನ ಭಾಷಣಕಟ್ಟೆಯ ಮೇಲೆ ತೂಗುಹಾಕಿದರು.

ಉಳಿದದ್ದು ಬರಹ. ಒಂದು ಕಾಲದಲ್ಲಿ ಅವನ ಗುಲಾಮನಾಗಿದ್ದ, ಶೀಘ್ರಲಿಪಿ ಬಲ್ಲ ಟೀರೊ ಎಂಬ ಕಾರ್ಯದರ್ಶಿ ಯಜಮಾನನ ಬರಹಗಳನ್ನು ಜೋಪಾನ ಮಾಡಿದ. ಇವತ್ತು ಸುಮಾರು 900 ಪತ್ರಗಳಿವೆ. ಗೆಳೆಯ ಅಟಿಕಸ್‌ಗೆ ಬರೆದವುಗಳಲ್ಲಿ ಅಳು, ಅಂಜಿಕೆ, ಜಂಬ ಎಲ್ಲ ಇದೆ. 1345ರಲ್ಲಿ ಇಟಲಿಯ ಕವಿ ಪೆಟ್ರಾರ್ಕ್‌ಗೆ ಅವು ವೆರೋನಾದಲ್ಲಿ ಸಿಕ್ಕವು. ಗುರು ಅಂತ ಪೂಜಿಸುತ್ತಿದ್ದವನು ಇಷ್ಟು ಪುಕ್ಕಲನೇ ಅಂತ ಅವನಿಗೆ ಸಿಟ್ಟು ಬಂತು. ಸತ್ತು ಸುಮಾರು 1,400 ವರ್ಷವಾಗಿದ್ದ ಸಿಸೆರೊಗೆ ಒಂದು ಪತ್ರ ಬರೆದು, ಆ ವಯಸ್ಸಿನಲ್ಲಿ ನಿನಗ್ಯಾಕೆ ಬೇಕಿತ್ತು ಆ ಜಗಳವೆಲ್ಲ ಅಂತ ಬೈದ.